ಮನೆಯಲ್ಲಿ ಮಾಡುವ ಟೆರಾಕೋಟಾ ಒಡವೆ: ಹವ್ಯಾಸವನ್ನು ನೋಂದಾಯಿತ ಉದ್ಯಮ ಮಾಡುವ ಬಗೆ

ಮಣ್ಣಿನ ಜುಮುಕಿ, ಹಾರ, ಬಳೆ ಮಾಡಿ ಪರಿಚಯದವರಿಗೆ ಮಾರುತ್ತಿರುವವರು ಮೊದಲು ಕೇಳುವುದು "ಯಾವ ಲೈಸೆನ್ಸ್ ಮಾಡಿಸಬೇಕು?" ಎಂದು. ಒಬ್ಬರೇ ನಡೆಸುವ ಉದ್ಯಮಕ್ಕೆ ಅಂಥ ಒಂದೇ ಲೈಸೆನ್ಸ್ ಇಲ್ಲ. ಕಾನೂನಿನ ಕಣ್ಣಲ್ಲಿ ನೀವು ಲಾಭಕ್ಕಾಗಿ ಮಾರಲು ಶುರು ಮಾಡಿದ ದಿನದಿಂದಲೇ ಏಕಮಾಲೀಕರು. ನಿಮ್ಮ ಪಾನ್ ಕಾರ್ಡೇ ಉದ್ಯಮದ ಪಾನ್, ಉದ್ಯಮದ ಸಾಲವೂ ನಿಮ್ಮದೇ. ಅದರ ಮೇಲೆ ಬರುವುದು ನಾಲ್ಕೈದು ಸಣ್ಣ ಸಣ್ಣ ಕಾಗದಗಳು. ಯಾವುದು ಯಾವಾಗ ಬೇಕು ಎಂಬುದು ನೀವು ಏನು ಮಾರುತ್ತೀರಿ, ಯಾವ ರಾಜ್ಯಕ್ಕೆ ಕಳಿಸುತ್ತೀರಿ, ಯಾರ ಮೂಲಕ ಮಾರುತ್ತೀರಿ ಎಂಬುದರ ಮೇಲೆ ನಿಂತಿದೆ. ಬಹಳ ಜನ ಬೇಡದ್ದನ್ನು ಮೊದಲು ಮಾಡಿಸಿ, ಬೇಕಾದ್ದನ್ನು ಬಿಟ್ಟು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಕಾಗದಕ್ಕೂ ಮುಂಚೆ ಬೆಲೆ

ಬೆಲೆ ತಪ್ಪಾಗಿದ್ದರೆ ನೋಂದಣಿಯಿಂದ ಏನೂ ಸರಿಯಾಗುವುದಿಲ್ಲ. ಹಾಗಾಗಿ ಮೊದಲು ಒಂದು ಸುತ್ತಿನ ಪೂರ್ತಿ ಲೆಕ್ಕ ಬರೆಯಿರಿ. ಇಲ್ಲಿ 20 ಜೊತೆ ಜುಮುಕಿಯ ಲೆಕ್ಕ ಇದೆ. ದರಗಳನ್ನು ನಿಮ್ಮೂರಿನದಕ್ಕೆ ಬದಲಿಸಿಕೊಳ್ಳಿ.

ಹದ ಮಾಡಿದ ಜೇಡಿಮಣ್ಣು 50 ರೂಪಾಯಿ, ಸುಡಲು ಇದ್ದಿಲು, ಬೆರಣಿ, ಮರದ ಹೊಟ್ಟು 150, ಅಕ್ರಿಲಿಕ್ ಬಣ್ಣ ಮತ್ತು ವಾರ್ನಿಷ್ 120. ಒಟ್ಟು 320. ಇನ್ನು ಸಮಯ. ಮಣ್ಣು ಮಿದಿಯುವುದು, ಅಚ್ಚು ಒತ್ತುವುದು, ಒಣಗಿದ ಮೇಲೆ ಉಜ್ಜುವುದು, ಸುಡುವಾಗ ಕಾಯುವುದು, ಎರಡು ಕೋಟ್ ಬಣ್ಣ, ಕೊಕ್ಕೆ ಜೋಡಿಸುವುದು ಎಲ್ಲ ಸೇರಿ 18 ಗಂಟೆ ಎಂದುಕೊಳ್ಳಿ. ಗಂಟೆಗೆ ಎಷ್ಟು ಎಂದು ತೋಚದಿದ್ದರೆ ನಿಮ್ಮೂರಿನ ಟೈಲರಿಂಗ್ ಘಟಕದಲ್ಲಿ ಕೊಡುವ ದಿನಗೂಲಿಯನ್ನು 8ರಿಂದ ಭಾಗಿಸಿ. 80 ರೂಪಾಯಿ ಹಿಡಿದರೆ 1,440. ಅಲ್ಲಿಗೆ 1,760.

ಇದನ್ನು 20ರಿಂದ ಭಾಗಿಸುವುದೇ ಎಲ್ಲರೂ ಮಾಡುವ ತಪ್ಪು. ಆವಿಗೆಯಿಂದ (ಮಣ್ಣು ಸುಡುವ ಗೂಡು) 20 ಜೊತೆಯೂ ಸರಿಯಾಗಿ ಹೊರಗೆ ಬರುವುದಿಲ್ಲ. 17 ಉಳಿದವು ಎನ್ನಿ, ಆಗ ಜೊತೆಗೆ 104 ರೂಪಾಯಿ ಬೀಳುತ್ತದೆ. ಕೊಕ್ಕೆ, ಮಣಿಗೆ 8, ಡಬ್ಬಿ ಮತ್ತು ಕಾರ್ಡಿಗೆ 15 ಸೇರಿಸಿದರೆ 127. ಉಪಕರಣದ ಸವೆತ, ಕರೆಂಟು, ಮೊಬೈಲ್ ಡೇಟಾ, ಸಾಮಾನು ತರಲು ಓಡಾಟ ಇವಕ್ಕೆ ಶೇ 15 ಹಾಕಿದರೆ 146. ಶೇ 25 ಲಾಭ ಸೇರಿ 183. ಇದು ನಿಮ್ಮ ಸಗಟು ಬೆಲೆ, ಇದಕ್ಕಿಂತ ಕೆಳಗೆ ಯಾರಿಗೂ ಕೊಡಬಾರದು. ಬೂಟಿಕ್‌ನವರು ಮಾರಾಟ ಬೆಲೆಯಲ್ಲಿ ಶೇ 35 ಇಟ್ಟುಕೊಳ್ಳುತ್ತಾರೆಂದಾದರೆ 183ನ್ನು 0.65ರಿಂದ ಭಾಗಿಸಿ. 281 ದಾಟುತ್ತದೆ, ಆದ್ದರಿಂದ ಎಂಆರ್‌ಪಿ 290. ನೀವೇ ಮಾರುವಾಗಲೂ 290ಕ್ಕೇ ಮಾರಿ. ಮೇಳದ ಮಳಿಗೆ ಬಾಡಿಗೆ, ದಿನವಿಡೀ ನಿಂತು ಮಾರುವ ಶ್ರಮ ಆ 107 ರೂಪಾಯಿಯಲ್ಲೇ ಬರಬೇಕು. ನೀವೇ 200ಕ್ಕೆ ಮಾರಿ ಅಂಗಡಿಯವರಿಂದ 290 ಹಾಕಿಸಿದರೆ ಆ ಅಂಗಡಿ ಮುಂದಿನ ತಿಂಗಳು ನಿಮ್ಮ ಮಾಲು ಇಡುವುದಿಲ್ಲ.

ಆವಿಗೆಯಲ್ಲಿ ಹೋಗುವ ಮಾಲು ಎಷ್ಟು, ಯಾಕೆ ಹೋಯಿತು ಎಂದು ಪ್ರತಿ ಸುತ್ತಿಗೂ ಬರೆದಿಡಿ. ಮಣ್ಣಿನೊಳಗೆ ತೇವ ಉಳಿದಿದ್ದರೆ 100 ಡಿಗ್ರಿ ಸುತ್ತಮುತ್ತ ನೀರು ಆವಿಯಾಗಿ ತುಂಡು ಸಿಡಿಯುತ್ತದೆ. ಮಳೆಗಾಲದಲ್ಲಿ ನೆರಳಲ್ಲಿ ಒಂದು ವಾರವಾದರೂ ಒಣಗಬೇಕು. ಮಿದಿಯುವಾಗ ಸೇರಿಕೊಂಡ ಗಾಳಿಗುಳ್ಳೆಯೂ ಮಣ್ಣನ್ನು ದುರ್ಬಲ ಮಾಡುತ್ತದೆ. ಜುಮುಕಿಯ ಬುಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿದ್ದರೆ ಒಣಗುವಾಗಲೇ ಎಳೆದುಕೊಂಡು ಬಿರಿಯುತ್ತದೆ. ಆವಿಗೆ ಪೂರ್ತಿ ಆರುವ ಮೊದಲು ಬಾಯಿ ತೆರೆದರೆ ಕೂದಲೆಳೆ ಬಿರುಕು ಬರುತ್ತದೆ. ಅದು ಕಣ್ಣಿಗೆ ಕಾಣದೆ ಬಣ್ಣದ ಕೆಳಗೆ ಅಡಗಿ ಗ್ರಾಹಕರ ಕೈಯಲ್ಲಿ ಮುರಿಯುತ್ತದೆ. ಸುಟ್ಟ ಮೇಲೆ ಪ್ರತಿ ತುಂಡನ್ನೂ ಉಗುರಿನಿಂದ ತಟ್ಟಿ ನೋಡಿ. ಕಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಪಕ್ಕಕ್ಕಿಡಿ. ಮರಳಿಸುವ ಗಿರಾಕಿಗಳು ಕಡಿಮೆಯಾಗುವುದು ಈ ಒಂದು ಅಭ್ಯಾಸದಿಂದ.

ನೀವು ಮಾಡುವ ವಸ್ತುವಿಗೆ ಬೇರೆ ಕಾನೂನು ಇದೆಯೇ?

ಟೆರಾಕೋಟಾ ಒಡವೆಗೆ ಪ್ರತ್ಯೇಕ ಉತ್ಪಾದನಾ ಪರವಾನಗಿ ಬೇಕಿಲ್ಲ. ಆದರೆ ಮಣ್ಣಿನ ಕೆಲಸ ಮಾಡುವವರು ಹಬ್ಬದ ಹೊತ್ತಿಗೆ ಬೇರೆ ಬೇರೆ ವಸ್ತುಗಳಿಗೂ ಕೈ ಹಾಕುತ್ತಾರೆ, ಅಲ್ಲಿ ಎಚ್ಚರ ಬೇಕು.

14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯ. ಮಣ್ಣಿನ ಅಡುಗೆ ಆಟದ ಸಾಮಾನಾಗಲಿ, ಕ್ರೋಶಾ ಗೊಂಬೆಯಾಗಲಿ ಆಟಿಕೆ ಎಂದು ಮಾರಿದರೆ ಈ ನಿಯಮ ತಗಲುತ್ತದೆ. ಕೇಂದ್ರ ಜವಳಿ ಸಚಿವಾಲಯದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ. ಆ ನೋಂದಣಿಯ ಗುರುತಿನ ಚೀಟಿಯೇ 'ಪೆಹಚಾನ್' ಕಾರ್ಡ್. ಸರ್ಕಾರಿ ಕರಕುಶಲ ಮೇಳಗಳಲ್ಲಿ ಮಳಿಗೆ ಕೇಳುವಾಗಲೂ ಅದು ಕೆಲಸಕ್ಕೆ ಬರುತ್ತದೆ, ಬೇಗ ಅರ್ಜಿ ಹಾಕಿ. ಸೋಪು, ಲಿಪ್ ಬಾಮ್, ಫೇಸ್ ಪ್ಯಾಕ್ ಮಾರುವುದಾದರೆ 2020ರ ಸೌಂದರ್ಯವರ್ಧಕ ನಿಯಮಗಳಡಿ ರಾಜ್ಯ ಔಷಧ ಪ್ರಾಧಿಕಾರದ ಉತ್ಪಾದನಾ ಪರವಾನಗಿ ಬೇಕು. ಮನೆಯ ಅಡುಗೆಮನೆಯಲ್ಲಿ ಮಾಡಿದ ಸೋಪಿಗೆ ಅದು ಸುಲಭಕ್ಕೆ ಸಿಗುವಂಥದ್ದಲ್ಲ. ಒಡವೆ ಡಬ್ಬಿಯೊಂದಿಗೆ ಒಂದು ಸೋಪು ಇಟ್ಟು ಗಿಫ್ಟ್ ಹ್ಯಾಂಪರ್ ಮಾರುವವರು ಇದನ್ನು ಗಮನಿಸಬೇಕು.

ಮತ್ತೊಂದು, ಹೆಸರು. ಚನ್ನಪಟ್ಟಣದ ಗೊಂಬೆ, ಬಿದರಿ, ಕಸೂತಿ, ಸಂಡೂರು ಲಂಬಾಣಿ ಕಸೂತಿ, ಕಿನ್ನಾಳ ಕಲೆ ಇವೆಲ್ಲ ಭೌಗೋಳಿಕ ಸೂಚಿ (ಆಯಾ ಸೀಮೆಯ ಕಸುಬಿಗೇ ಮೀಸಲಾದ ಗುರುತು) ಪಡೆದ ಹೆಸರುಗಳು. ಮಣ್ಣಿನ ಪದಕದ ಮೇಲೆ ಬೆಳ್ಳಿ ಬಣ್ಣದ ಗೆರೆ ಎಳೆದು 'ಬಿದರಿ ಪೆಂಡೆಂಟ್' ಎಂದು ಮಾರಬೇಡಿ. ಕಾನೂನಿನ ತೊಡಕು ಒಂದು ಕಡೆ, ಬೀದರಿನಲ್ಲಿ ತಲೆಮಾರುಗಳಿಂದ ಆ ಕೆಲಸ ಮಾಡುತ್ತ ಬಂದವರ ಅನ್ನ ಅದು.

ಬೇರೆ ಖಾತೆ, ಬಿಲ್ ಬುಕ್

ವ್ಯಾಪಾರದ ಹಣಕ್ಕೆ ಬೇರೆ ಬ್ಯಾಂಕ್ ಖಾತೆ, ಬೇರೆ ಯುಪಿಐ ಐಡಿ ಇಂದೇ ಮಾಡಿಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಚೀಟಿ ದುಡ್ಡು, ತವರಿನಿಂದ ಬಂದದ್ದು, ಗೆಳತಿಯ ಕೈಸಾಲ ತೀರಿದ್ದು ಎಲ್ಲವೂ ಜುಮುಕಿ ಮಾರಿದ ಖಾತೆಗೇ ಬಿದ್ದಿದ್ದರೆ, ವ್ಯಾಪಾರದ್ದು ಯಾವುದು, ಸ್ವಂತದ್ದು ಯಾವುದು ಎಂದು ಬಿಡಿಸಿ ತೋರಿಸುವ ಹೊಣೆ ನಿಮ್ಮದೇ ಆಗುತ್ತದೆ.

ಬಿಲ್ ಬುಕ್ ಒಂದು ಸಾಕು. ಕ್ರಮಸಂಖ್ಯೆ, ದಿನಾಂಕ, ಕೊಂಡವರ ಹೆಸರು ಮತ್ತು ಊರು, ವಸ್ತು, ಎಷ್ಟು, ಮೊತ್ತ, ಹಣ ಬಂದ ಬಗೆ. ಊರು ಬರೆಯುವುದನ್ನು ಬಿಡಬೇಡಿ, ಜಿಎಸ್‌ಟಿ ಪ್ರಶ್ನೆ ಬಂದಾಗ ಅದೇ ಉತ್ತರ. ಜಿಎಸ್‌ಟಿ ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ರೂಪಾಯಿಯನ್ನೂ ತೋರಿಸುವಂತಿಲ್ಲ.

ಉದ್ಯಮ್ ನೋಂದಣಿ

ಇದು ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ನೋಂದಣಿ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಇದಕ್ಕೆ ಶುಲ್ಕ ಇಲ್ಲ, ನವೀಕರಣ ಇಲ್ಲ, ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಿಲ್ಲ. ಸರ್ಕಾರಿ ತಾಣ ಉದ್ಯಮ್‌ರಿಜಿಸ್ಟ್ರೇಷನ್ ಡಾಟ್ ಗವ್ ಡಾಟ್ ಇನ್. ಗೂಗಲ್‌ನಲ್ಲಿ ಹುಡುಕಿದರೆ ಮೇಲೆ ಬರುವ ಜಾಹೀರಾತುಗಳಲ್ಲಿ ಸಾವಿರ, ಎರಡು ಸಾವಿರ ಕೇಳುವ ಖಾಸಗಿ ತಾಣಗಳೂ ಇರುತ್ತವೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇಲ್ಲದಿದ್ದರೆ ಆಧಾರ್ ಸಂಖ್ಯೆ ಹಾಕಲೇಬೇಡಿ.

ಕೆಲಸ ನಿಲ್ಲುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಒಟಿಪಿ. ಎಷ್ಟೋ ಹೆಣ್ಣುಮಕ್ಕಳ ಆಧಾರ್‌ಗೆ ಗಂಡನ ಅಥವಾ ಅಣ್ಣನ ಹಳೆಯ ಮೊಬೈಲ್ ಸಂಖ್ಯೆ ಜೋಡಿಸಿರುತ್ತಾರೆ. ಮೊದಲು ಅದನ್ನು ಆಧಾರ್ ಕೇಂದ್ರದಲ್ಲಿ ಬದಲಿಸಿಕೊಳ್ಳಿ. ಇನ್ನೊಂದು, ನಮ್ಮ ಕಡೆಯ ಇನಿಷಿಯಲ್. ಆಧಾರ್‌ನಲ್ಲಿ 'ಲಕ್ಷ್ಮಿ ಕೆ ಎಸ್', ಪಾನ್‌ನಲ್ಲಿ ತಂದೆಯ ಹೆಸರು, ಊರಿನ ಹೆಸರು ಬಿಡಿಸಿ ಬರೆದದ್ದು. ಹೆಸರು ತಾಳೆಯಾಗದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಎರಡರಲ್ಲೊಂದನ್ನು ತಿದ್ದಿಸದೆ ಬೇರೆ ದಾರಿಯಿಲ್ಲ.

ಅರ್ಜಿಯಲ್ಲಿ ಮುಖ್ಯ ಚಟುವಟಿಕೆ ಕೇಳಿದಾಗ 'ಉತ್ಪಾದನೆ' ಆರಿಸಿ. ಮಾರುತ್ತೇವಲ್ಲ ಎಂದು 'ವ್ಯಾಪಾರ' ಎಂದು ಗುರುತು ಹಾಕಿದವರಿಗೆ ಆದ್ಯತಾ ವಲಯದ ಸಾಲದ ಅನುಕೂಲ ಬಿಟ್ಟರೆ ಉಳಿದ ಸೌಲಭ್ಯ ಸಿಗುವುದಿಲ್ಲ. ಉದ್ಯಮದ ಬಗೆ ಗುರುತಿಸುವ ಐದಂಕಿಯ ಎನ್‌ಐಸಿ ಸಂಕೇತದಲ್ಲಿ ಕೃತಕ ಒಡವೆ ತಯಾರಿಕೆಗೆ 32120. ಹೂಡಿಕೆ ಕಾಲಂನಲ್ಲಿ ಜಾಗ, ಕಟ್ಟಡ ಸೇರಿಸಬೇಡಿ, ಯಂತ್ರ ಮತ್ತು ಉಪಕರಣ ಮಾತ್ರ. 2025ರ ಏಪ್ರಿಲ್ 1ರಿಂದ ಎರಡೂವರೆ ಕೋಟಿಯೊಳಗಿನ ಹೂಡಿಕೆ, ಹತ್ತು ಕೋಟಿಯೊಳಗಿನ ವಹಿವಾಟು ಇರುವುದೆಲ್ಲ 'ಸೂಕ್ಷ್ಮ' ಉದ್ಯಮವೇ.

ಈ ಪ್ರಮಾಣಪತ್ರದ ನಿಜವಾದ ಬಲ ಅಂಗಡಿಯವರು ಹಣ ಕೊಡದೆ ಸತಾಯಿಸುವಾಗ ತಿಳಿಯುತ್ತದೆ. ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆಯ ಪ್ರಕಾರ ಬರಹದ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಎಂಎಸ್‌ಎಂಇ ಸಚಿವಾಲಯದ ತಾಣದಲ್ಲಿ ದೂರು ಕೊಡಬಹುದು. ಆದರೆ ಮಾಲು ಕೊಡುವ ಮೊದಲೇ ನೋಂದಣಿ ಆಗಿರಲಿ, ಮಾಲು ತಲುಪಿದ್ದಕ್ಕೆ ಸಹಿ ಇರುವ ಚೀಟಿ ಇರಲಿ. 'ಮಾರಾಟವಾದ ಮೇಲೆ ದುಡ್ಡು' ಎಂಬ ಮಾತಿನ ಮೇಲೆ ಕೊಡುವುದಾದರೆ ಎಷ್ಟು ದಿನಕ್ಕೆ ಲೆಕ್ಕ, ಕಳೆದುಹೋದರೆ ಯಾರ ಹೊಣೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಉದ್ಯಮದ ಹೆಸರಲ್ಲಿ ಚಾಲ್ತಿ ಖಾತೆ ತೆರೆಯಲು ಬ್ಯಾಂಕುಗಳು ಸಾಮಾನ್ಯವಾಗಿ ಎರಡು ವ್ಯಾಪಾರ ದಾಖಲೆ ಕೇಳುತ್ತವೆ. ಉದ್ಯಮ್ ಒಂದಾಯಿತು. ಇನ್ನೊಂದು ಆದಾಯ ತೆರಿಗೆ ರಿಟರ್ನ್ ಆಗಬಹುದು, ಜಿಎಸ್‌ಟಿ ಪತ್ರವಾಗಬಹುದು. ಎರಡನೆಯದು ಇಲ್ಲದಿದ್ದರೆ, ಜಾಗಕ್ಕೆ ಬಂದು ನೋಡಿ ಒಂದನ್ನೇ ಒಪ್ಪುವ ಅವಕಾಶ ಬ್ಯಾಂಕಿಗೆ ಇದೆ, ಶಾಖೆಯಲ್ಲಿ ಹಾಗೆಂದೇ ಕೇಳಿ. ಅಂಗಡಿ ಬಾಗಿಲು ತೆರೆದರೆ ಅಥವಾ ಸಂಬಳಕ್ಕೆ ಜನ ಇಟ್ಟರೆ ಕಾರ್ಮಿಕ ಇಲಾಖೆಯ ಇ-ಕಾರ್ಮಿಕ ತಾಣ ಮತ್ತು ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಎರಡನ್ನೂ ವಿಚಾರಿಸಬೇಕು. ಮನೆಯಲ್ಲಿ ಎಲೆಕ್ಟ್ರಿಕ್ ಭಟ್ಟಿ ಇಡುವ ಮೊದಲು ನಿಮ್ಮ ಮೀಟರಿಗೆ ಮಂಜೂರಾದ ಲೋಡ್ ಎಷ್ಟೆಂದು ವಿದ್ಯುತ್ ಕಚೇರಿಯಲ್ಲಿ ಕೇಳಿಕೊಳ್ಳಿ.

ಜಿಎಸ್‌ಟಿ: ಎಲ್ಲರೂ ಎಡವುವ ಜಾಗ

ಕರ್ನಾಟಕದಲ್ಲಿ ವಸ್ತು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. 'ಮಾತ್ರ' ಎಂಬುದನ್ನು ಗಮನಿಸಿ. ಶನಿವಾರ ಭಾನುವಾರ ಟೆರಾಕೋಟಾ ತರಗತಿ ನಡೆಸಿ ಶುಲ್ಕ ಪಡೆದರೆ ಅದು ಸೇವೆ. ಆಗ ನಿಮ್ಮ ಮಿತಿ ಇಡಿಯಾಗಿ 20 ಲಕ್ಷಕ್ಕೆ ಇಳಿಯುತ್ತದೆ. ಗಿರಾಕಿಯ ಸೀರೆಗೇ ಕುಚ್ಚು ಹಾಕಿಕೊಡುವುದೂ ಸೇವೆಯ ಲೆಕ್ಕಕ್ಕೇ ಬರುತ್ತದೆ. ವಹಿವಾಟು ಎಂದರೆ ಲಾಭವಲ್ಲ, ಬಂದ ಪೂರ್ತಿ ಮೊತ್ತ. ಅದೂ ನಿಮ್ಮ ಪಾನ್ ಮೇಲಿನ ಎಲ್ಲ ವ್ಯವಹಾರ ಸೇರಿ. ನಿಮ್ಮ ಹೆಸರಿನ ಮಳಿಗೆಯಿಂದ ಬರುವ ಬಾಡಿಗೆಯೂ ಅದರೊಳಗೆ ಸೇರುತ್ತದೆ.

ಬೇರೆ ರಾಜ್ಯಕ್ಕೆ ವಸ್ತು ಕಳಿಸುವವರು ಮೊದಲ ರೂಪಾಯಿಯಿಂದಲೇ ನೋಂದಾಯಿಸಬೇಕು ಎಂಬುದು ಸಾಮಾನ್ಯ ನಿಯಮ. ಕರಕುಶಲ ವಸ್ತುವಿಗೆ 2018ರ ಅಕ್ಟೋಬರಿನ ಅಧಿಸೂಚನೆ ವಿನಾಯಿತಿ ಕೊಟ್ಟಿದೆ. ವಹಿವಾಟು 20 ಲಕ್ಷದೊಳಗಿದ್ದು, ಪಾನ್ ಇದ್ದು, ಇ-ವೇ ಬಿಲ್ (ಮಾಲು ಸಾಗಿಸಲು ತಾಣದಲ್ಲಿ ಮಾಡುವ ಚೀಟಿ) ಮಾಡಿ ಕಳಿಸಿದರೆ ಹೈದರಾಬಾದಿಗೋ ಚೆನ್ನೈಗೋ ನೋಂದಣಿ ಇಲ್ಲದೆ ಮಾರಬಹುದು. ಉಪಕರಣ ಬಳಸಿದ್ದರೂ ಮುಖ್ಯ ಕೆಲಸ ಕೈಯಿಂದಲೇ ಆಗಿರಬೇಕು, ವಸ್ತು ಅಧಿಸೂಚನೆಯ ಪಟ್ಟಿಯಲ್ಲಿರಬೇಕು. ಟೆರಾಕೋಟಾ ಸೇರಿದಂತೆ ಮಣ್ಣಿನ ವಸ್ತುಗಳು ಪಟ್ಟಿಯಲ್ಲಿವೆ. ಆದರೆ ಲೋಹದ ಸರ, ಕಲ್ಲು, ಮಣಿ ಹೆಚ್ಚಿರುವ ಹಾರವನ್ನು ಕೃತಕ ಒಡವೆ ಎಂದು ವರ್ಗ ಮಾಡಬಹುದು. ಹಾಗಾಗಿ ನಿಮ್ಮ ವಸ್ತುವಿನ ಎಚ್‌ಎಸ್‌ಎನ್ ಸಂಕೇತ (ತೆರಿಗೆಗಾಗಿ ವಸ್ತುಗಳನ್ನು ವಿಂಗಡಿಸುವ ಸಂಖ್ಯೆ) ಯಾವುದೆಂದು ತೆರಿಗೆ ಸಲಹೆಗಾರರಿಂದ ಒಮ್ಮೆ ಬರಹದಲ್ಲಿ ತೆಗೆದುಕೊಂಡು ಇಟ್ಟುಕೊಳ್ಳಿ. ಇ-ವೇ ಬಿಲ್ 50 ಸಾವಿರ ಮೇಲಿನ ಮಾಲಿಗೆ ಮಾತ್ರ ಎಂದು ಎಲ್ಲರೂ ತಿಳಿದಿರುತ್ತಾರೆ. ಈ ವಿನಾಯಿತಿ ಬಳಸಿ ಹೊರರಾಜ್ಯಕ್ಕೆ ಕಳಿಸುವ ಕರಕುಶಲ ವಸ್ತುವಿಗೆ ಬೆಲೆ ಎಷ್ಟೇ ಇರಲಿ, 290 ರೂಪಾಯಿಯ ಜುಮುಕಿಗೂ ಅದು ಬೇಕು. ಇ-ವೇ ಬಿಲ್ ತಾಣದಲ್ಲಿ ನೋಂದಣಿ ಇಲ್ಲದವರಿಗಾಗಿ ನಾಗರಿಕರ ವಿಭಾಗ ಇದೆ, ಉಚಿತ.

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ತಾಣಗಳ ಲೆಕ್ಕ ಬೇರೆ. 2023ರ ಅಕ್ಟೋಬರ್ 1ರಿಂದ ನೋಂದಣಿ ಇಲ್ಲದವರೂ ಅಲ್ಲಿ ಮಾರಬಹುದು, ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಅದಕ್ಕೆ ಜಿಎಸ್‌ಟಿ ತಾಣದಲ್ಲಿ ಪಾನ್ ಕೊಟ್ಟು ಒಂದು ದಾಖಲಾತಿ ಸಂಖ್ಯೆ ಪಡೆಯಬೇಕು. ಆ ತಾಣಗಳಿಂದ ಇಡೀ ದೇಶಕ್ಕೆ ಮಾರಬೇಕೆಂದರೆ ಪೂರ್ತಿ ಜಿಎಸ್‌ಟಿ ನೋಂದಣಿ ಬೇಕು. ಈ ನೋಂದಣಿಗೂ ಸರ್ಕಾರಿ ಶುಲ್ಕ ಇಲ್ಲ. ಬಾಡಿಗೆ ಮನೆಯಾದರೆ ಕರಾರು ಪತ್ರ, ಮಾಲೀಕರ ಒಪ್ಪಿಗೆ ಪತ್ರ, ಕರೆಂಟ್ ಬಿಲ್ ಸಿದ್ಧ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಮಾಲೀಕರ ಹೆಸರು ಹಳೆಯದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ಮೇಳದಲ್ಲಿ ಯಾರೋ ಹೇಳಿದರೆಂದು ಬೇಕಿಲ್ಲದೆ ಜಿಎಸ್‌ಟಿ ಮಾಡಿಸುವುದು ಬೇಡ. ನೋಂದಣಿಯಾದ ಮೇಲೆ ಒಂದು ಜೊತೆಯೂ ಮಾರದ ತಿಂಗಳಲ್ಲೂ ರಿಟರ್ನ್ ಹಾಕಬೇಕು. ಶೂನ್ಯ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ. ರಾಜ್ಯದೊಳಗೇ ಮಾರುವವರು ಕಾಂಪೊಸಿಷನ್ ಯೋಜನೆ ಆರಿಸಿದರೆ ವಹಿವಾಟಿನ ಶೇ 1 ತೆರಿಗೆ, ಮೂರು ತಿಂಗಳಿಗೊಮ್ಮೆ ಪಾವತಿ. ಆದರೆ ಆಗ ಹೊರರಾಜ್ಯಕ್ಕೆ ಮಾರುವಂತಿಲ್ಲ, ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ.

ಆದಾಯ ತೆರಿಗೆ ಇದಕ್ಕಿಂತ ಸರಳ. 44ಎಡಿ ಎಂದೇ ಹೆಸರಾದ ಅಂದಾಜು ಆದಾಯದ ವ್ಯವಸ್ಥೆಯಲ್ಲಿ ಡಿಜಿಟಲ್ ಆಗಿ ಬಂದ ಹಣದ ಶೇ 6, ನಗದಿನ ಶೇ 8 ಲಾಭವೆಂದು ತೋರಿಸಿ ಐಟಿಆರ್-4 ಹಾಕಬಹುದು. ವರ್ಷಕ್ಕೆ 6 ಲಕ್ಷ ಯುಪಿಐಯಲ್ಲಿ ಬಂದಿದ್ದರೆ ತೋರಿಸಬೇಕಾದ ಕನಿಷ್ಠ ಲಾಭ 36 ಸಾವಿರ. ತೆರಿಗೆ ಬೀಳದಿದ್ದರೂ ರಿಟರ್ನ್ ಹಾಕುತ್ತ ಬನ್ನಿ. ಬ್ಯಾಂಕಿನವರು ಸಾಲಕ್ಕೆ ಮೊದಲು ಕೇಳುವುದೇ ಅದನ್ನು.

ಡಬ್ಬಿಯ ಮೇಲಿನ ಬರಹ, ಹೆಸರಿನ ಹಕ್ಕು

ಅಂಗಡಿಗೆ ಡಬ್ಬಿಯಲ್ಲಿ ಹಾಕಿ ಕೊಡುವ ಮಾಲಿಗೆ 2011ರ ಪೊಟ್ಟಣ ಸಾಮಗ್ರಿ ನಿಯಮ ಅನ್ವಯ. ತಯಾರಕರ ಹೆಸರು ಮತ್ತು ಪೂರ್ತಿ ವಿಳಾಸ, ವಸ್ತುವಿನ ಹೆಸರು, ಎಷ್ಟು ('1 ಜೊತೆ'), ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿ ಎಂಆರ್‌ಪಿ, ದೂರಿಗೆ ಫೋನ್ ಮತ್ತು ಇಮೇಲ್. ಪೊಟ್ಟಣ ಕಟ್ಟಲು ಶುರು ಮಾಡಿದ 90 ದಿನದೊಳಗೆ ಕಾನೂನು ಮಾಪನ ಇಲಾಖೆಯಲ್ಲಿ 500 ರೂಪಾಯಿ ಕಟ್ಟಿ ನೋಂದಾಯಿಸಿಕೊಳ್ಳಬೇಕು. ಎಂಆರ್‌ಪಿ ಮೇಲೆ ಹೊಸ ಬೆಲೆಯ ಚೀಟಿ ಅಂಟಿಸಿ ಏರಿಸುವುದು ತಪ್ಪು.

ನಿಮ್ಮ ಬ್ರ್ಯಾಂಡ್ ಹೆಸರಿಗೆ ಸಾವಿರ ಕಾರ್ಡ್ ಅಚ್ಚು ಹಾಕಿಸುವ ಮೊದಲು ಟ್ರೇಡ್‌ಮಾರ್ಕ್ ತಾಣದಲ್ಲಿ 14ನೇ ವರ್ಗದಲ್ಲಿ ಉಚಿತವಾಗಿ ಹುಡುಕಿ ನೋಡಿ. ಮಣ್ಣು, ಮೃತ್ತಿಕಾ, ಧರಿತ್ರಿಯಂಥ ಹೆಸರುಗಳು ಎಲ್ಲರಿಗೂ ಹೊಳೆಯುತ್ತವೆ. ಅರ್ಜಿ ಶುಲ್ಕ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್‌ನಲ್ಲಿ ಒಂದು ವರ್ಗಕ್ಕೆ 4,500 ರೂಪಾಯಿ. ನೋಂದಣಿ ಪೂರ್ತಿಯಾಗುವ ಮೊದಲು 'ಟಿಎಂ' ಎಂದಷ್ಟೇ ಹಾಕಬೇಕು, ವೃತ್ತದೊಳಗಿನ 'ಆರ್' ಗುರುತು ಹಾಕಿದರೆ ಅದು ಅಪರಾಧ.

ಸಾಲ, ಸಬ್ಸಿಡಿ

ಇಲ್ಲಿ ಯಾವುದು ಮೊದಲು ಎಂಬುದು ಬಹಳ ಮುಖ್ಯ. ಕೇಂದ್ರದ ಸ್ವಉದ್ಯೋಗ ಯೋಜನೆಯಾದ ಪಿಎಂಇಜಿಪಿಯ ಸಬ್ಸಿಡಿ ಹೊಸ ಘಟಕಕ್ಕೆ ಮಾತ್ರ. ಮಹಿಳೆಯರಿಗೆ ಹಳ್ಳಿಯಲ್ಲಿ ಯೋಜನಾ ವೆಚ್ಚದ ಶೇ 35, ಪಟ್ಟಣದಲ್ಲಿ ಶೇ 25 ಸಿಗುತ್ತಿದ್ದ ದೊಡ್ಡ ಮೊತ್ತ ಅದು. ಉದ್ಯಮ್‌ನಲ್ಲಿ 'ಎರಡು ವರ್ಷದ ಹಿಂದೆ ಆರಂಭ' ಎಂದು ಬರೆದ ಮೇಲೆ ಹೊಸ ಘಟಕ ಎಂದು ಕೇಳಲು ಬರುವುದಿಲ್ಲ. ಭಟ್ಟಿ, ಶೆಡ್ಡು ಎಂದು ಲಕ್ಷಗಟ್ಟಲೆ ಹಾಕುವ ಯೋಚನೆ ಇದ್ದರೆ ಯಾವ ನೋಂದಣಿಗೂ ಮುಂಚೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಈಗ ಯಾವ ಯೋಜನೆ ತೆರೆದಿದೆ ಎಂದು ಕೇಳಿ. ಹತ್ತಿಪ್ಪತ್ತು ಸಾವಿರದ ಉಪಕರಣಕ್ಕೆ ಇಷ್ಟು ಓಡಾಟ ಬೇಡ, ಜಾಮೀನಿಲ್ಲದ ಮುದ್ರಾ 'ಶಿಶು' ಸಾಲ 50 ಸಾವಿರದವರೆಗೆ ಇದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ'ಯಲ್ಲಿ 18ರಿಂದ 55 ವರ್ಷದವರಿಗೆ ಆದಾಯ ಮಿತಿಯೊಳಗೆ 3 ಲಕ್ಷದವರೆಗೆ ಸಾಲ, ಅದರಲ್ಲಿ ಒಂದು ಪಾಲು ಸಬ್ಸಿಡಿ. ಕುಲಕಸುಬಾಗಿ ಮಡಕೆ ಮಾಡುವ ಮನೆಯವರು ಪಿಎಂ ವಿಶ್ವಕರ್ಮವನ್ನು ಮೊದಲು ನೋಡಬೇಕು. ಅದರ 18 ಕಸುಬುಗಳಲ್ಲಿ ಕುಂಬಾರಿಕೆ ಇದೆ, ಉಪಕರಣಕ್ಕೆ 15 ಸಾವಿರ, ಮೊದಲ ಕಂತಿನಲ್ಲಿ 1 ಲಕ್ಷ ಸಾಲ ಶೇ 5 ಬಡ್ಡಿಗೆ. ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ.

ಸಂಜೀವಿನಿ ಸ್ವಸಹಾಯ ಸಂಘದಲ್ಲಿ ಇರುವವರು ಸರಸ್ ಮೇಳದ ಮಳಿಗೆಗೆ ತಾಲ್ಲೂಕು ಪಂಚಾಯಿತಿಯಲ್ಲೇ ವಿಚಾರಿಸಬಹುದು. ಅಮೆರಿಕದಲ್ಲೋ ದುಬೈಯಲ್ಲೋ ಇರುವ ನಮ್ಮವರಿಂದ ನವರಾತ್ರಿ ಹೊತ್ತಿಗೆ ಆರ್ಡರ್ ಬರುವುದಿದ್ದರೆ ಡಿಜಿಎಫ್‌ಟಿ (ಕೇಂದ್ರದ ವಿದೇಶಿ ವ್ಯಾಪಾರ ಕಚೇರಿ) ತಾಣದಲ್ಲಿ 500 ರೂಪಾಯಿಗೆ ಐಇಸಿ ಎಂಬ ಆಮದು-ರಫ್ತು ಸಂಖ್ಯೆ ಮೊದಲೇ ಪಡೆದಿರಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳಲ್ಲಿ ಸಣ್ಣ ಪಾರ್ಸೆಲ್ ರಫ್ತಿನ ಕಾಗದ ಮಾಡಿಸಬಹುದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರ ಸರಿಯಿದೆ ಎಂದು ತಾಣದಲ್ಲಿ ಖಚಿತಪಡಿಸಬೇಕು, ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಏನೂ ಬದಲಾಗದಿದ್ದರೂ ಒಮ್ಮೆ ಒಳಹೊಕ್ಕು ಒಪ್ಪಿಗೆ ಒತ್ತಲೇಬೇಕು.